ಬೇಡವೆಂದರೂ ಬಂದ ದಂಟಿನ ಸೊಪ್ಪು

"ದಂಟು ಬೇಡ ಅಂತ ಟಿಕ್ ತೆಗೆದು ಎರಡು ವಾರ ಆಯ್ತು. ಇವತ್ತೂ ಬಂದಿದೆಯಲ್ಲಪ್ಪಾ!" ಶನಿವಾರ ಬೆಳಿಗ್ಗೆ ಲಿಫ್ಟಿನ ಮುಂದೆ ನನ್ನನ್ನು ತಡೆದವರು ನೆಲಮಹಡಿಯ ನಿವೃತ್ತ ಮೇಷ್ಟ್ರು. ಕೈಯಲ್ಲಿ ಎರಡು ಕಟ್ಟು ದಂಟಿನ ಸೊಪ್ಪು. ಸಿಂಗಸಂದ್ರದ ನಮ್ಮ ಅಪಾರ್ಟ್‌ಮೆಂಟಿಗೆ ವಾರಕ್ಕೊಮ್ಮೆ ಆನೇಕಲ್ ಕಡೆಯಿಂದ ತರಕಾರಿ ಬರುತ್ತದೆ. ಯಾರಿಗೇನು ಬೇಕೆಂದು ಗುರುತು ಹಾಕಲು ವೆಬ್ ಫಾರ್ಮ್ ಮಾಡಿಕೊಟ್ಟವನು ನಾನು. ಎಲೆಕ್ಟ್ರಾನಿಕ್ ಸಿಟಿಯಲ್ಲಿ ಸಂಬಳಕ್ಕೆ ಮಾಡುವ ಕೆಲಸವೂ ಅದೇ ಆದ್ದರಿಂದ ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ಒಮ್ಮೆ ಟಿಕ್ ಹಾಕಿದರೆ ಪ್ರತಿ ವಾರ ಬರುತ್ತದೆ, ತೆಗೆದರೆ ನಿಲ್ಲುತ್ತದೆ ಎಂದು ಎಲ್ಲರಿಗೂ ಹೇಳಿದವನೂ ನಾನೇ.

ಮೇಷ್ಟ್ರು ಟಿಕ್ ತೆಗೆದದ್ದು ನಿಜ. ಆದರೆ ಆ ಸುದ್ದಿ ಸರ್ವರ್‌ಗೆ ಮುಟ್ಟಿರಲೇ ಇಲ್ಲ.

ಕಾಗದದ ಅರ್ಜಿಯಲ್ಲಿ ಖಾಲಿ ಬಿಟ್ಟ ಚೌಕವೂ ಕಾಗದದ ಜೊತೆಗೇ ಗುಮಾಸ್ತರ ಮೇಜು ಸೇರುತ್ತದೆ. ವೆಬ್ ಫಾರ್ಮಿನದು ಬೇರೆ ರೀತಿ. 'ಸಲ್ಲಿಸು' ಒತ್ತಿದಾಗ ಬ್ರೌಸರ್ ಟಿಕ್ ಇರುವ ಚೆಕ್‌ಬಾಕ್ಸ್‌ಗಳನ್ನಷ್ಟೇ ಗಂಟು ಕಟ್ಟಿ ಕಳಿಸುತ್ತದೆ. ಖಾಲಿ ಇರುವವುಗಳ ಹೆಸರನ್ನೂ ಎತ್ತುವುದಿಲ್ಲ. ತಿಂಗಳ ದಿನಸಿ ಚೀಟಿ ಇದ್ದಂತೆ ಅನ್ನಿ: ಬೇಕಾದ್ದನ್ನು ಬರೆಯುತ್ತೇವೆಯೇ ಹೊರತು 'ಉದ್ದಿನಬೇಳೆ ಬೇಡ' ಎಂದು ಯಾರೂ ಬರೆಯುವುದಿಲ್ಲ. ಟಿಮ್ ಬರ್ನರ್ಸ್-ಲೀ ಮತ್ತು ಡ್ಯಾನ್ ಕಾನಲಿ ಬರೆದ, 1995ರ ನವೆಂಬರ್‌ನಲ್ಲಿ ಹೊರಬಂದ ಎಚ್‌ಟಿಎಂಎಲ್ 2.0 ನಿಯಮಾವಳಿಯಲ್ಲೇ ಈ ಪದ್ಧತಿ ಇದೆ. ಮೂವತ್ತು ವರ್ಷ ಕಳೆದರೂ ಬದಲಾಗಿಲ್ಲ. 'ಮೌನಂ ಸಮ್ಮತಿ ಲಕ್ಷಣಂ' ಅನ್ನುತ್ತೇವಲ್ಲ, ಸರ್ವರ್‌ಗೆ ಅಷ್ಟು ಸಂಸ್ಕೃತವೂ ಬರುವುದಿಲ್ಲ. ಮೌನದ ಅರ್ಥವೇನೆಂದು ಪ್ರೋಗ್ರಾಂ ಬರೆದವರೇ ಅದಕ್ಕೆ ಹೇಳಿಕೊಡಬೇಕು.

ನಾನು ಹೇಳಿಕೊಟ್ಟಿರಲಿಲ್ಲ. ಬಂದ ಹೆಸರುಗಳನ್ನು ಹಳೆಯ ಪಟ್ಟಿಗೆ ಸೇರಿಸು ಎಂದಷ್ಟೇ ಬರೆದಿದ್ದೆ. ಹೀಗಾಗಿ ಹಿಂದೆಂದೋ ಸೇರಿದ ದಂಟು ಅಲ್ಲೇ ಬೇರು ಬಿಟ್ಟಿತ್ತು.

ಆ ರಾತ್ರಿಯೇ ಸರಿಪಡಿಸಿದೆ. ಹಳೆಯ ಪಟ್ಟಿಯನ್ನೆಲ್ಲ ಅಳಿಸಿ, ಈಗ ಬಂದಿರುವುದನ್ನಷ್ಟೇ ಬರೆದುಕೋ. ಸುಲಭ ಅನ್ನಿಸಿತು. ಮುಂದಿನ ವಾರ ಹಾಗಲಕಾಯಿ ಬರಲಿಲ್ಲ, ಫಾರ್ಮಿನಿಂದ ಅದರ ಸಾಲು ತೆಗೆದೆವು. ಅದರ ಮರುವಾರ ಹಾಗಲಕಾಯಿ ಬಂತು, ಆದರೆ ಕೇಳುವವರೇ ಇಲ್ಲ! ನಡುವಿನ ವಾರ ಫಾರ್ಮ್ ತೆರೆದು ಇನ್ನೇನನ್ನೋ ತಿದ್ದಿ ಸಲ್ಲಿಸಿದವರೆಲ್ಲರ ಹಾಗಲಕಾಯಿ ಅಳಿಸಿಹೋಗಿತ್ತು. ಅವರು ಬೇಡವೆಂದಿರಲಿಲ್ಲ. ಅವರನ್ನು ಯಾರೂ ಕೇಳಿಯೇ ಇರಲಿಲ್ಲ.

ಬದಲಾಗುವ ಪಟ್ಟಿಗಳ ನಿಜವಾದ ಗಂಟು ಇರುವುದೇ ಇಲ್ಲಿ. ಪಟ್ಟಿ ಸ್ಥಿರವಾಗಿದ್ದರೆ 'ಬಾರದ್ದೆಲ್ಲ ಬೇಡ' ಎಂದುಕೊಳ್ಳಬಹುದು. ಪಟ್ಟಿಯೇ ದಿನಕ್ಕೊಂದು ರೂಪ ತಾಳಿದರೆ 'ತೋರಿಸಿದೆವು, ಅವರು ಬಿಟ್ಟರು' ಎಂಬುದಕ್ಕೂ 'ನಾವು ತೋರಿಸಲೇ ಇಲ್ಲ' ಎಂಬುದಕ್ಕೂ ಅಂತರವೇ ಉಳಿಯುವುದಿಲ್ಲ. ರೂಬಿ ಆನ್ ರೈಲ್ಸ್ ಎಂಬ ವೆಬ್ ತಂತ್ರಾಂಶ ಬಳಸುವವರಿಗೆ ಇದಕ್ಕೊಂದು ಹಳೆಯ ಉಪಾಯ ಗೊತ್ತು: ಪ್ರತಿ ಚೆಕ್‌ಬಾಕ್ಸಿನ ಮುಂದೆ ಅದೇ ಹೆಸರಿನ, ಕಣ್ಣಿಗೆ ಕಾಣದ ಸೊನ್ನೆಯೊಂದನ್ನು ಇಡುವುದು. ಟಿಕ್ ಇಲ್ಲದಿದ್ದರೆ ಸೊನ್ನೆಯಾದರೂ ಹೋಗುತ್ತದೆ. ಬಿಡಿ ಚೌಕಕ್ಕೆ ಇದು ಚೆನ್ನ. ಸಾಲುಸಾಲಾಗಿ ಬೆಳೆಯುವ ಪಟ್ಟಿಗೆ ಇಟ್ಟರೆ ಯಾವ ಸೊನ್ನೆ ಯಾರದೆಂಬ ಗೊಂದಲ ಏಳುತ್ತದೆ. ನಾನು ಹಿಡಿದ ದಾರಿ ಬೇರೆ. ಈ ಸಲ ಯಾವ್ಯಾವ ತರಕಾರಿ ತೋರಿಸಿದ್ದೇವೆ ಎಂಬ ಪಟ್ಟಿಯನ್ನೂ ಫಾರ್ಮಿನೊಳಗೇ ಅಡಗಿಸಿ ಕಳಿಸಿದೆ. ತೋರಿಸಿ, ಟಿಕ್ ಬಂದಿದ್ದರೆ ಬೇಕು. ತೋರಿಸಿಯೂ ಬಾರದಿದ್ದರೆ ಬೇಡ. ತೋರಿಸಿಯೇ ಇಲ್ಲದಿದ್ದರೆ ಹಳೆಯದನ್ನು ಮುಟ್ಟಬೇಡ.

ಅಲ್ಲಿಗೂ ಮುಗಿಯಲಿಲ್ಲ. ಚೌಕಗಳಿಗೆ ಮೊದಲನೆಯದು, ಎರಡನೆಯದು ಎಂದು ಸಾಲಿನ ಲೆಕ್ಕದಲ್ಲಿ ಹೆಸರಿಟ್ಟಿದ್ದೆ. ಮೂಲಂಗಿ ಖಾಲಿಯಾಗಿ ಅದರ ಸಾಲು ಹೋದರೆ ಕೆಳಗಿನವೆಲ್ಲ ಒಂದೊಂದು ಮೆಟ್ಟಿಲು ಮೇಲೇರುತ್ತವೆ. ಅಷ್ಟರಲ್ಲಿ ಯಾರಾದರೂ ಹಳೆಯ ಪುಟವನ್ನು ತೆರೆದಿಟ್ಟುಕೊಂಡು ಸಲ್ಲಿಸಿದರೆ ಬೀನ್ಸಿನ ಟಿಕ್ ಬದನೆಕಾಯಿಗೆ ಬೀಳುತ್ತದೆ. ಸಿಂಗಸಂದ್ರದ ಹಳೆಯ ಕ್ರಯಪತ್ರಗಳನ್ನು ನೋಡಿದವರಿಗೆ ಇದಕ್ಕೆ ಪರಿಹಾರ ಥಟ್ಟನೆ ಹೊಳೆದೀತು. ಬೇಗೂರು ಹೋಬಳಿ, ಸಿಂಗಸಂದ್ರ ಗ್ರಾಮ, ಇಂತಿಷ್ಟನೇ ಸರ್ವೆ ನಂಬರ್. ರಾಗಿ ಹೊಲ ಲೇಔಟ್ ಆಯಿತು, ಹೊಸೂರು ರಸ್ತೆಯ ಮೇಲೆ ಫ್ಲೈಓವರ್ ಎದ್ದಿತು, 2025ರ ಆಗಸ್ಟಿನಲ್ಲಿ ಹಳದಿ ಮಾರ್ಗದ ಮೆಟ್ರೊ ಓಡತೊಡಗಿ ಊರಿಗೊಂದು ನಿಲ್ದಾಣವೂ ಬಂತು. ಜಮೀನನ್ನು ಗುರುತಿಸಲು ಇವತ್ತಿಗೂ ಅದೇ ಸರ್ವೆ ನಂಬರ್ ಬೇಕು. ಪ್ರತಿ ತರಕಾರಿಗೂ ಅಂಥದ್ದೊಂದು ಕಾಯಂ ನಂಬರ್ ಕೊಟ್ಟೆ. ಪಟ್ಟಿಯಲ್ಲಿ ಮೇಲಿರಲಿ, ಕೆಳಗಿರಲಿ, ಬದನೆ ಬದನೆಯೇ.

ಪುಟ ತೆರೆದಿರುವಾಗಲೇ ಹೊಸ ಸಾಲು ಸೇರಿದರೆ ಇನ್ನೊಂದು ತಕರಾರು. ಮೊದಲಿದ್ದ ಚೌಕಗಳಿಗಷ್ಟೇ ಜಾವಾಸ್ಕ್ರಿಪ್ಟ್ ಕಾವಲು ಹಾಕಿದ್ದರೆ ಹೊಸದನ್ನು ಒತ್ತಿದಾಗ ಒಟ್ಟು ಮೊತ್ತ ಕದಲುವುದೇ ಇಲ್ಲ. ಮನೆಮನೆಗೊಬ್ಬ ವಾಚ್‌ಮನ್ ಇಡುವ ಬದಲು ಗೇಟಿನಲ್ಲಿ ಒಬ್ಬನನ್ನು ನಿಲ್ಲಿಸಿದರೆ ಸಾಕು: ಚೌಕದ ಮೇಲೆ ಬಿದ್ದ ಕ್ಲಿಕ್ ಅದನ್ನು ಸುತ್ತುವರಿದ ಪಟ್ಟಿಯವರೆಗೂ ಮೇಲೇರಿ ಬರುತ್ತದೆ, ಅಲ್ಲೇ ಹಿಡಿಯಬಹುದು. ನಿನ್ನೆ ಬಾಡಿಗೆಗೆ ಬಂದವರೂ ಅದೇ ಗೇಟಿನಿಂದಲೇ ತಾನೇ ಓಡಾಡುವುದು?

ತರಕಾರಿಯಲ್ಲಾದರೆ ನಷ್ಟ ಎರಡು ಕಟ್ಟು ಸೊಪ್ಪಿನದು. ಇದೇ ಚೌಕಗಳ ಮೂಲಕ ನಮ್ಮ ಮಾಹಿತಿ ಬಳಸಲು ಒಪ್ಪಿಗೆಯನ್ನೂ ಕೇಳುತ್ತಾರೆ. ಮೊದಲೇ ಟಿಕ್ ಹಾಕಿಟ್ಟ ಚೌಕ ಒಪ್ಪಿಗೆಯಾಗದು ಎಂದು ಐರೋಪ್ಯ ನ್ಯಾಯಾಲಯ 2019ರ ಅಕ್ಟೋಬರ್ 1ರಂದು ಪ್ಲಾನೆಟ್49 ಮೊಕದ್ದಮೆಯಲ್ಲಿ ತೀರ್ಪಿತ್ತಿತು. ನಮ್ಮ ದೇಶದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಒಪ್ಪಿಗೆ ಕೊಡುವವರ ಕಡೆಯಿಂದ ಸ್ಪಷ್ಟವಾದ ಕ್ರಿಯೆಯೊಂದು ಇರಬೇಕೆನ್ನುತ್ತದೆ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯುವ ಹಕ್ಕೂ ಅದರಲ್ಲಿದೆ. ಆದರೆ ಟಿಕ್ ತೆಗೆದದ್ದು ಸರ್ವರ್‌ಗೆ ತಿಳಿಯದಿದ್ದರೆ ಹಕ್ಕು ಕಾಗದದಲ್ಲೇ ಉಳಿದೀತು.

ಆದ್ದರಿಂದ ಎಲ್ಲಿಯಾದರೂ ಟಿಕ್ ತೆಗೆದು ಸಲ್ಲಿಸಿದಿರಾದರೆ ಪುಟ ಮುಚ್ಚಿ, ಮತ್ತೊಮ್ಮೆ ತೆರೆದು ನೋಡಿ. ಟಿಕ್ ಮರಳಿ ಬಂದು ಕೂತಿದ್ದರೆ ಫಾರ್ಮ್ ಮಾಡಿದವರನ್ನು ಹುಡುಕಿ ಕೇಳಿ, ನಮ್ಮ ಮೇಷ್ಟ್ರು ಕೇಳಿದ ಹಾಗೆ.