ಕಾಣೆಯಾದ ಕಡತ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಕಡೆ ಮಳೆಗಾಲದಲ್ಲಿ ವಿದ್ಯುತ್ತು ಹೇಳದೆ ಕೇಳದೆ ಹೋಗುವುದು ಹೊಸತಲ್ಲ. ಅದು ಮರಳಿದ ಮೇಲೆ ಮನೆಯ ಕಂಪ್ಯೂಟರಿನ ಪರದೆಯಲ್ಲಿ ‘ಇಂತಹ ಡಿಎಲ್‌ಎಲ್ ಕಡತ ಸಿಗಲಿಲ್ಲ’ ಎಂಬ ಸೂಚನೆ ಮೂಡಿತೆನ್ನಿ. ‘ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿಸು’ ಎಂಬ ಸಲಹೆ ಕೂಡಲೇ ದೊರೆಯುತ್ತದೆ. ನನ್ನ ವಿದ್ಯಾರ್ಥಿಯೊಬ್ಬನು ಅದರಂತೆ ನಡೆದು, ಒಂದು ವರ್ಷ ಶ್ರಮಪಟ್ಟು ಬರೆದ ಪ್ರಬಂಧವನ್ನೇ ಕಳೆದುಕೊಂಡನು. ಕಾಣೆಯಾಗಿದ್ದುದು ಒಂದೇ ಕಡತ!

ಡಿಎಲ್‌ಎಲ್ ಎಂದರೇನು? ಯಕ್ಷಗಾನವನ್ನು ನೆನೆಯಿರಿ. ಪ್ರಸಂಗ ಬದಲಾದರೂ ಮೇಳದ ಹಿಮ್ಮೇಳ ಬದಲಾಗುವುದಿಲ್ಲ; ಪ್ರತಿಯೊಬ್ಬ ವೇಷಧಾರಿಯೂ ತನ್ನದೇ ಚೆಂಡೆಗಾರನನ್ನು ಕರೆತರುವುದಿಲ್ಲ. ಹಾಗೆಯೇ ವಿಂಡೋಸ್ ವ್ಯವಸ್ಥೆಯಲ್ಲಿ, ಅಕ್ಷರ ಮೂಡಿಸುವುದೇ ಮೊದಲಾದ ಸಾಮಾನ್ಯ ಕೆಲಸಗಳ ಆದೇಶಗಳನ್ನು ಇಂತಹ ಕಡತಗಳಲ್ಲಿ ಒಮ್ಮೆ ಬರೆದಿಟ್ಟಿರುತ್ತಾರೆ. ಅನೇಕ ತಂತ್ರಾಂಶಗಳು ಅವನ್ನು ಹಂಚಿಕೊಳ್ಳುತ್ತವೆ. ಚೆಂಡೆಗಾರನು ಬಾರದಿದ್ದರೆ, ಬಣ್ಣ ಹಚ್ಚಿ ಸಿದ್ಧನಾದ ವೇಷಧಾರಿಯೂ ಚೌಕಿಯಲ್ಲೇ ಕುಳಿತಿರಬೇಕಾಗುತ್ತದೆ.

ಕಡತ ಕೆಡುವುದೇಕೆ? ಡಿಸ್ಕಿನಲ್ಲಿ ಬರೆಯಬೇಕಾದ ಮಾಹಿತಿಯು ಮೊದಲು ತಾತ್ಕಾಲಿಕ ಸ್ಮೃತಿಯಲ್ಲಿ ನಿಲ್ಲುತ್ತದೆ. ಆ ಸ್ಮೃತಿಗೆ ವಿದ್ಯುತ್ತೇ ಜೀವ. ವ್ಯವಸ್ಥೆಯ ನವೀಕರಣ ನಡೆಯುತ್ತಿರುವಾಗ ವಿದ್ಯುತ್ತು ಹೋದರೆ, ಮಾಹಿತಿ ಡಿಸ್ಕನ್ನು ಮುಟ್ಟುವ ಮೊದಲೇ ಅಳಿದುಹೋಗಬಹುದು. ತಂತ್ರಾಂಶವೊಂದನ್ನು ಅರ್ಧಂಬರ್ಧ ತೆಗೆದುಹಾಕಿದಾಗಲೂ, ವೈರಸ್ ನಿರೋಧಕವು ಸಂಶಯದಿಂದ ಕಡತವನ್ನು ಬೇರ್ಪಡಿಸಿದಾಗಲೂ ಹೀಗಾಗುವುದುಂಟು.

ಆದುದರಿಂದ ಮೊದಲು ಕಡತದ ಹೆಸರನ್ನು ಬರೆದುಕೊಳ್ಳಿರಿ. ಅದು ಯಾರದೆಂದು ತಿಳಿದರೆ ಪರಿಹಾರದ ದಾರಿ ತಾನಾಗಿ ತೆರೆಯುತ್ತದೆ. ‘ವಿಸಿರನ್‌ಟೈಮ್140’ ಎಂದಿದ್ದರೆ ಅದು ಮೈಕ್ರೋಸಾಫ್ಟಿನ ವಿಷುಯಲ್ ಸಿ++ ಕಟ್ಟಿಗೆ ಸೇರಿದುದು. ಆ ಕಟ್ಟನ್ನು ಅದೇ ಸಂಸ್ಥೆಯ ತಾಣದಿಂದ ಪಡೆದು ಸ್ಥಾಪಿಸಬೇಕು. ಒಂದು ತಂತ್ರಾಂಶಕ್ಕೆ ಮಾತ್ರ ಸೇರಿದ ಕಡತವಾದರೆ ಆ ತಂತ್ರಾಂಶವನ್ನೇ ಮರಳಿ ಸ್ಥಾಪಿಸಬೇಕು. ಸ್ವತಃ ವಿಂಡೋಸಿನದಾದರೆ, 1998ರ ವಿಂಡೋಸ್ 98ರ ಕಾಲದಿಂದಲೂ ಇರುವ ಸಿಸ್ಟಮ್ ಫೈಲ್ ಚೆಕರ್ ನೆರವಿಗೆ ಬರುತ್ತದೆ. ವಿಂಡೋಸ್ 10 ಮತ್ತು 11ರಲ್ಲಿ, ಅಡ್ಮಿನಿಸ್ಟ್ರೇಟರ್ ಅಧಿಕಾರದಿಂದ ತೆರೆದ ಕಮಾಂಡ್ ಪ್ರಾಂಪ್ಟಿನಲ್ಲಿ ‘ಎಸ್‌ಎಫ್‌ಸಿ’ ಎಂದು ಬರೆದು, ಒಂದು ತೆರಪು ಬಿಟ್ಟು, ಓರೆಗೆರೆಯೊಡನೆ ‘ಸ್ಕ್ಯಾನ್‌ನೌ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ, ಅದು ವ್ಯವಸ್ಥೆಯ ಕಡತಗಳನ್ನು ಪರೀಕ್ಷಿಸಿ, ಕೆಟ್ಟವುಗಳ ಸ್ಥಾನದಲ್ಲಿ ಡಿಸ್ಕಿನಲ್ಲೇ ಇರುವ ಭಂಡಾರದಿಂದ ಶುದ್ಧ ಪ್ರತಿಗಳನ್ನಿಡುತ್ತದೆ. ಭಂಡಾರವೇ ಕೆಟ್ಟಿದ್ದರೆ ಅದನ್ನು ಸರಿಪಡಿಸಲು ‘ಡಿಸ್ಮ್’ ಎಂಬ ಇನ್ನೊಂದು ಸಾಧನವುಂಟು. ಇವೆರಡೂ ನಿಮ್ಮ ಸ್ವಂತ ಬರಹಗಳನ್ನು ಮುಟ್ಟುವುದಿಲ್ಲ.

ಅಪರಿಚಿತ ತಾಣಗಳಲ್ಲಿ ಬಿಡಿಯಾಗಿ ಸಿಗುವ ಕಡತವನ್ನು ಮಾತ್ರ ತರಬಾರದು. ಡಿಎಲ್‌ಎಲ್ ತನ್ನನ್ನು ಕರೆದ ತಂತ್ರಾಂಶದ ಅಧಿಕಾರದಿಂದಲೇ ಕೆಲಸಮಾಡುತ್ತದೆ. ಹೆಸರು ಒಂದೇ ಆದರೂ ಒಳಗೆ ಏನಿದೆಯೆಂದು ಬಲ್ಲವರಾರು? ಇನ್ನು, ನಿಮ್ಮ ಪ್ರಬಂಧದ ಒಂದು ಪ್ರತಿಯನ್ನು ಈ ದಿನವೇ ಬೇರೆಡೆ ಇಡಿರಿ. ವಿಂಡೋಸಿನ ಕಡತಕ್ಕೆ ಭಂಡಾರವಿದೆ. ನಿಮ್ಮ ಬರಹಕ್ಕೆ ನೀವು ಮಾಡಿಟ್ಟ ಪ್ರತಿಯೇ ಭಂಡಾರ.