ಕಬ್ಬಿನ ಹೊಲದಿಂದ ಎದ್ದು ಬಂದ ಹೆಣ: ಇತಿಹಾಸ ಹೇಳುವ ಝೋಂಬಿ ಚಿತ್ರಗಳಿಗೆ ಎಷ್ಟು ಅಂಕ?

ಅಕ್ಕಲಕೋಟ: ಝೋಂಬಿ ಅಂದರೆ ಏನು ಅಂತ ಗಡಿಭಾಗದ ನಮ್ಮ ಹುಡುಗರಿಗೆ ಈಗ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. 2022ರಲ್ಲಿ ಮರಾಠಿಯ ‘ಝೋಂಬಿವಲಿ’ ಬಂದು ಡೊಂಬಿವಲಿಯ ಓಣಿಗಳಲ್ಲಿ ಹೆಣಗಳನ್ನು ಓಡಾಡಿಸಿತು. ಅದಕ್ಕೂ ಮೊದಲು 2013ರಲ್ಲಿ ‘ಗೋ ಗೋವಾ ಗಾನ್’, 2021ರಲ್ಲಿ ತೆಲುಗಿನ ‘ಝೋಂಬಿ ರೆಡ್ಡಿ’ ಬಂದಿದ್ದವು. ಸತ್ತವ ಎದ್ದು ಬರ್ತಾನೆ, ತೂರಾಡ್ತಾ ನಡೀತಾನೆ, ಸಿಕ್ಕವರನ್ನು ಕಚ್ಚುತ್ತಾನೆ, ಕಚ್ಚಿಸಿಕೊಂಡವನೂ ಝೋಂಬಿ ಆಗ್ತಾನೆ. ಕಥೆ ಇಷ್ಟೇ ಅಂದುಕೊಂಡವರೇ ಹೆಚ್ಚು.

ಆದರೆ ಈ ಹೆಣದ ಮೂಲ ಊರು ಯಾವುದು? ಕಚ್ಚುವುದನ್ನು ಕಲಿಯುವ ಮುಂಚೆ ಅದು ಏನು ಮಾಡ್ತಿತ್ತು? ಈ ಪ್ರಶ್ನೆ ಇಟ್ಟುಕೊಂಡು, ಹಳೆಯ ಕಾಲದಲ್ಲಿ ನಡೆಯುವ ಅಥವಾ ಹಳೆಯ ಲೆಕ್ಕವೊಂದನ್ನು ಕೆದಕುವ, ನಮ್ಮ ಕಡೆ ಹೆಚ್ಚು ಹೆಸರು ಕೇಳದ ಕೆಲವು ಝೋಂಬಿ ಚಿತ್ರಗಳನ್ನು ನೋಡಿ ಅಂಕ ಹಾಕಲಾಗಿದೆ. ಅಂಕ ಐದಕ್ಕೆ. ಅಳತೆಗೋಲು ಎರಡೇ. ಹೆದರಿಕೆ ಬರ್ತದೋ ಇಲ್ಲವೋ? ಇತಿಹಾಸ ಬರೀ ವೇಷವೋ, ಅಥವಾ ಆ ಹೆಣ ಏಳುವುದಕ್ಕೆ ಇತಿಹಾಸವೇ ಕಾರಣವೋ? ಬಿ.ಕಾಂ ಓದಿದವನ ಚಟ ನೋಡ್ರಿ, ಜಮಾ ಎಷ್ಟು ಖರ್ಚು ಎಷ್ಟು ಅಂತ ಬರೆಯದಿದ್ದರೆ ಸಮಾಧಾನ ಆಗೋದಿಲ್ಲ.

ಸತ್ತರೂ ತಪ್ಪದ ಪಾಳಿ

ಝೋಂಬಿಯ ತವರು ಕೆರಿಬಿಯನ್ ಸಮುದ್ರದ ಹೈಟಿ ದೇಶ. ಅದು ಫ್ರೆಂಚರ ವಸಾಹತಾಗಿದ್ದಾಗ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿ ತಂದ ಗುಲಾಮರು ಅಲ್ಲಿ ಕಬ್ಬು ಕಡಿದು, ಗಾಣ ತಿರುಗಿಸಿ, ಸಕ್ಕರೆ ಮಾಡುತ್ತಿದ್ದರು. 1791ರಲ್ಲಿ ಆ ಗುಲಾಮರು ದಂಗೆ ಎದ್ದರು. 1804ರಲ್ಲಿ ದೇಶ ಸ್ವತಂತ್ರವಾಯಿತು. ಅಲ್ಲಿನ ಜನರ ನಂಬಿಕೆಯ ಝೋಂಬಿ ಯಾರನ್ನೂ ಕಚ್ಚುವುದಿಲ್ಲ. ಅದು ದುಡಿಯುತ್ತದೆ! ಹೂಳಿದವನನ್ನು ಮಾಂತ್ರಿಕ ಎಬ್ಬಿಸಿ ಹೊಲದ ಕೆಲಸಕ್ಕೆ ಹಚ್ಚುತ್ತಾನೆ. ಅದಕ್ಕೆ ಮಾತಿಲ್ಲ, ನೆನಪಿಲ್ಲ, ಅದು ಕೂಲಿ ಕೇಳುವುದಿಲ್ಲ. ಹೀಗಾಗಿ ಹೈಟಿಯವರ ಹೆದರಿಕೆ ಝೋಂಬಿ ಎದುರು ಬಂದೀತು ಎಂಬುದಲ್ಲ, ತಾನೇ ಝೋಂಬಿ ಆದೇನು ಎಂಬುದು. ಸತ್ತ ಮೇಲಾದರೂ ಬಿಡುಗಡೆ ಅಂತ ಕಾದಿದ್ದ ಗುಲಾಮನಿಗೆ ಸತ್ತ ಮೇಲೂ ಪಾಳಿ ತಪ್ಪದಿದ್ದರೆ ಏನು ಗತಿ?

ಇದು ಬರೀ ಅಜ್ಜಿ ಕಥೆಯಲ್ಲ. ಹೈಟಿಯ ದಂಡಸಂಹಿತೆಯಲ್ಲಿ ಇದಕ್ಕೆ ಕಲಮೇ ಇತ್ತು. ಜೀವ ತೆಗೆಯದೆ ಹೆಣದಂತೆ ಮಲಗಿಸುವ ಮದ್ದು ಕೊಟ್ಟರೆ ಅದು ವಿಷಪ್ರಾಶನದ ಅಪರಾಧ, ಹಾಗೆ ಮಲಗಿದವನನ್ನು ಹೂಳಿದರೆ ಕೊಲೆ.

1915ರಿಂದ 1934ರವರೆಗೆ ಹೈಟಿಯಲ್ಲಿ ಅಮೆರಿಕದ ಸೈನ್ಯ ಕೂತಿತ್ತು. ಆಗ ಅಲ್ಲಿಗೆ ಹೋಗಿದ್ದ ವಿಲಿಯಂ ಸೀಬ್ರೂಕ್ ಎಂಬ ಲೇಖಕ 1929ರಲ್ಲಿ ‘ದಿ ಮ್ಯಾಜಿಕ್ ಐಲ್ಯಾಂಡ್’ ಪುಸ್ತಕ ಬರೆದ. ಅದರಲ್ಲಿ ಒಂದು ಕಥೆ ಬರ್ತದೆ. ಅಮೆರಿಕದ ಸಕ್ಕರೆ ಕಂಪನಿಯೊಂದರ ಹೊಲಕ್ಕೆ ಜೋಸೆಫ್ ಎಂಬ ಮುಕಾದಮ ಚಿಂದಿ ಬಟ್ಟೆಯ ಒಂದು ಗ್ಯಾಂಗ್ ಕರೆತರುತ್ತಾನೆ. ಅವರು ಬಾಯಿ ಬಿಡದೆ ದುಡಿಯುತ್ತಾರೆ. ಕೂಲಿ ಎಣಿಸಿಕೊಳ್ಳುವವನು ಮಾತ್ರ ಜೋಸೆಫ್. ಒಂದು ದಿನ ಅವನ ಹೆಂಡತಿ ಪಾಪ ಅಂತ ಕನಿಕರಪಟ್ಟು ಅವರಿಗೆ ಸಿಹಿ ತಿನಿಸು ಕೊಡಿಸುತ್ತಾಳೆ. ಅದರೊಳಗಿನ ಬೀಜಕ್ಕೆ ಉಪ್ಪು ಹಚ್ಚಿದ್ದು ಅವಳಿಗೆ ಗೊತ್ತಿಲ್ಲ. ಉಪ್ಪು ನಾಲಿಗೆಗೆ ತಾಕಿದ್ದೇ ತಡ, ಅವರಿಗೆ ತಾವು ಸತ್ತವರು ಅನ್ನೋದು ನೆನಪಾಗಿ, ಚೀರಿ, ಗುಡ್ಡದ ಮೇಲಿನ ತಮ್ಮ ಗೋರಿಗಳ ಕಡೆ ನಡೆದುಬಿಡ್ತಾರೆ. ನಮ್ಮಲ್ಲಿ ಉಪ್ಪು ತಿಂದವ ಧಣಿಯ ಋಣಕ್ಕೆ ಬೀಳ್ತಾನೆ. ಅಲ್ಲಿ ಉಪ್ಪು ತಿಂದವ ಧಣಿಯ ಕೈ ತಪ್ಪಿಸಿಕೊಳ್ತಾನೆ.

ಈ ಪುಸ್ತಕ ಜನಪ್ರಿಯವಾದ ಮೇಲೆ ಬಂದದ್ದೇ 1932ರ ‘ವೈಟ್ ಝೋಂಬಿ’. ವಿಕ್ಟರ್ ಹಾಲ್ಪರಿನ್ ನಿರ್ದೇಶನ, ಡ್ರಾಕುಲಾ ಖ್ಯಾತಿಯ ಬೇಲಾ ಲುಗೋಸಿ ಖಳನಾಯಕ. ಪ್ರೇಮಕಥೆ ಸಪ್ಪೆ, ನಟನೆ ನಾಟಕದ ಕಂಪನಿಯ ಮಾದರಿ. ಆದರೆ ಗಾಣದ ಮನೆಯ ದೃಶ್ಯ ಒಂದಕ್ಕಾಗಿಯೇ ಚಿತ್ರ ನೋಡಬೇಕು. ಸತ್ತವರು ಸಾಲಾಗಿ ಬುಟ್ಟಿ ಹೊತ್ತು ಬರ್ತಾರೆ, ಕೆಲವರು ಎತ್ತಿನ ಹಾಗೆ ಗಾಣದ ದಂಡ ತಳ್ತಾರೆ. ಒಬ್ಬ ಜೋಲಿ ಹೊಡೆದು ಯಂತ್ರದೊಳಗೆ ಬೀಳ್ತಾನೆ. ಉಳಿದವರು ತಿರುಗಿಯೂ ನೋಡೋದಿಲ್ಲ, ಗಾಣ ನಿಲ್ಲೋದಿಲ್ಲ. ಸಂಗೀತವಿಲ್ಲ, ಕಿರುಚಾಟವಿಲ್ಲ, ಮರದ ಕಿರ್ರ್ ಸದ್ದು ಮಾತ್ರ.

ನಮ್ಮ ಸೋದರಮಾವ ಹತ್ತಾರು ಹಂಗಾಮು ಕಬ್ಬಿನ ಗ್ಯಾಂಗುಗಳ ಲೆಕ್ಕ ಬರೆದವರು. ದೀಪಾವಳಿ ಹೊತ್ತಿಗೆ ಜತ್ತ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಕಬ್ಬು ಕಡಿಯಲು ಹೋಗುವ ಮಂದಿಯನ್ನು, ಅವರು ತೆಗೆದುಕೊಂಡ ಉಚಲ್, ಅಂದರೆ ಮುಂಗಡ, ಮುಂದಿನ ವರ್ಷಕ್ಕೂ ಬಾಕಿ ಉಳಿಯುವುದನ್ನು ಕಣ್ಣಾರೆ ಕಂಡವರು. ಈ ದೃಶ್ಯಕ್ಕೆ ಬಂದಾಗ ಅವರು ಕೇಳಿದ್ದು ಒಂದೇ ಮಾತು: “ಅಳಿಯಾ, ಇವ್ರ ಉಚಲ್ ಯಾರ ಕಿಸೇಕ ಹೋತೋ?” ಯಾವ ಸಿನಿಮಾ ವಿಮರ್ಶಕನೂ ಇದಕ್ಕಿಂತ ಚಲೋ ಪ್ರಶ್ನೆ ಕೇಳಲಾರ. ಅಂಕ 3.5. ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಇದೇ ನಿರ್ದೇಶಕ 1936ರಲ್ಲಿ ‘ರಿವೋಲ್ಟ್ ಆಫ್ ದಿ ಝೋಂಬೀಸ್’ ತೆಗೆದ. ಮೊದಲ ಮಹಾಯುದ್ಧದ ಸಿಪಾಯಿಗಳು, ಕಾಂಬೋಡಿಯದ ಗುಪ್ತವಿದ್ಯೆ ಅಂತ ಏನೇನೋ ಕಲಸಿದ್ದಾನೆ. ಹಳೆಯ ಚಿತ್ರದ ಲುಗೋಸಿಯ ಕಣ್ಣನ್ನೇ ಕತ್ತರಿಸಿ ಇದಕ್ಕೂ ಅಂಟಿಸಿದ್ದಾನೆ! ಅಂಕ 1, ಅದೂ ಕಣ್ಣಿಗೆ.

ಹುಟ್ಟಿದರೆ ಅಳು, ಸತ್ತರೆ ಸಂಭ್ರಮ

ನಮ್ಮ ಪಟ್ಟಿಯ ಮೊದಲ ಸ್ಥಾನ 1943ರ ‘ಐ ವಾಕ್ಡ್ ವಿತ್ ಎ ಝೋಂಬಿ’ಗೆ. ಹೆಸರು ನೋಡಿ ಅಗ್ಗದ ಚಿತ್ರ ಅಂದುಕೊಳ್ಳಬೇಡಿ. ನಿರ್ಮಾಪಕ ವಾಲ್ ಲ್ಯೂಟನ್, ನಿರ್ದೇಶಕ ಜಾಕ್ ಟೂರ್ನರ್. ಕೆನಡಾದ ನರ್ಸ್ ಒಬ್ಬಳು ಕೆರಿಬಿಯನ್ ದ್ವೀಪದ ಕಬ್ಬಿನ ತೋಟದ ಧಣಿಯ ಮನೆಗೆ ಬರುತ್ತಾಳೆ. ಧಣಿಯ ಹೆಂಡತಿ ನಡೀತಾಳೆ, ಆದರೆ ಮಾತಿಲ್ಲ, ಮನಸ್ಸಿಲ್ಲ. ರೋಗವೋ, ಮಾಟವೋ? ಚಿತ್ರ ಕೊನೆತನಕ ಖಚಿತವಾಗಿ ಹೇಳುವುದಿಲ್ಲ.

ನರ್ಸಮ್ಮ ಕುದುರೆ ಗಾಡಿಯಲ್ಲಿ ಬರುವಾಗ ಗಾಡಿಯವ, ನಮ್ಮ ಹಿರಿಯರನ್ನು ಸರಪಳಿ ಹಾಕಿ ಈ ಮನೆತನದವರ ಹಡಗಿನಲ್ಲೇ ತಂದರು ಅಂತ ಹೇಳ್ತಾನೆ. ಆಕೆ, ಎಷ್ಟು ಚೆಂದದ ಜಾಗಕ್ಕೆ ತಂದರಲ್ಲ ಅಂತಾಳೆ. ನೀವು ಹೇಳಿದರೆ ಸರಿ ಬಿಡಿ ತಾಯಿ ಅನ್ನೋ ಧಾಟಿಯಲ್ಲಿ ಅವನು ಮೆತ್ತಗೆ ಉತ್ತರಿಸ್ತಾನೆ. ಆ ಹಡಗಿನ ಮುಂಭಾಗಕ್ಕಿದ್ದ, ಮೈತುಂಬ ಬಾಣ ನೆಟ್ಟ ಸಂತನ ಮರದ ಬೊಂಬೆ ಈಗ ಧಣಿಯ ಅಂಗಳದಲ್ಲಿ ನಿಂತಿದೆ. ಆ ದ್ವೀಪದಲ್ಲಿ ಕೂಸು ಹುಟ್ಟಿದರೆ ಮಂದಿ ಅಳ್ತಾರೆ, ಯಾರಾದರೂ ಸತ್ತರೆ ಸಂಭ್ರಮಿಸ್ತಾರೆ. ತಲೆಮಾರುಗಟ್ಟಲೆ ಬದುಕೇ ಹೊರೆಯಾಗಿದ್ದವರಿಂದ ಬಂದ ಪದ್ಧತಿ ಅದು ಅಂತ ಧಣಿಯೇ ವಿವರಿಸ್ತಾನೆ. ಎರಡನೆಯ ಮಹಾಯುದ್ಧದ ನಡುವೆ, ಕರಿಯರನ್ನು ನಗೆಪಾಟಲಿಗೆ ಇಡುತ್ತಿದ್ದ ಹಾಲಿವುಡ್‌ನಲ್ಲಿ, ಇಷ್ಟು ಮಾತು ಹೇಳಿದ್ದೇ ದೊಡ್ಡದು.

ರಾತ್ರಿ ಹೊತ್ತು ಇಬ್ಬರು ಹೆಂಗಸರು ಕಬ್ಬಿನೊಳಗೆ ನಡೆದು ಹೋಗುವ ದೃಶ್ಯದಲ್ಲಿ ಗಾಳಿಗೆ ಗರಿ ಸರಸರ ಅನ್ನುತ್ತದೆ. ದಾರಿಯಲ್ಲಿ ಕಣ್ಣು ಹೊರಚಾಚಿದ ಎತ್ತರದ ಝೋಂಬಿ ಸುಮ್ಮನೆ ನಿಂತಿರ್ತದೆ. ಏನೂ ಮಾಡೋದಿಲ್ಲ. ರಾತ್ರಿ ಕಬ್ಬಿಗೆ ನೀರು ಹಾಯಿಸಲು ಹೋಗಿ ಗೊತ್ತಿದ್ದವರಿಗೆ ಆ ಸರಸರ ಸದ್ದಿನ ಭಯ ಬೇರೆ ಹೇಳಬೇಕಾಗಿಲ್ಲ. ಅಂಕ 5ಕ್ಕೆ 5.

1966ರ ‘ದಿ ಪ್ಲೇಗ್ ಆಫ್ ದಿ ಝೋಂಬೀಸ್’ ಇದೇ ದಾರಿಯ ಚಿತ್ರ. ಬ್ರಿಟನ್ನಿನ ಹ್ಯಾಮರ್ ಕಂಪನಿಯದು, ಜಾನ್ ಗಿಲ್ಲಿಂಗ್ ನಿರ್ದೇಶನ. ಕಥೆ ನಡೆಯೋದು 1860ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಸೀಮೆಯ ಹಳ್ಳಿಯಲ್ಲಿ. ಊರ ಜಮೀನುದಾರ ಹೈಟಿಯಲ್ಲಿ ಇದ್ದು ಬಂದವ. ಅವನ ತವರದ ಗಣಿಯಲ್ಲಿ ಅಪಘಾತಗಳಾಗಿ ಕೂಲಿಗಳು ಇಳಿಯಲು ಒಪ್ಪುವುದಿಲ್ಲ. ಆತ ಹೈಟಿಯಲ್ಲಿ ಕಲಿತ ವಿದ್ಯೆಯಿಂದ ಊರಿನವರನ್ನೇ ಕೊಂದು, ಎಬ್ಬಿಸಿ, ಗಣಿಗೆ ಇಳಿಸ್ತಾನೆ. ವಸಾಹತಿನಲ್ಲಿ ಕರಿಯರಿಗೆ ಮಾಡಿದ್ದನ್ನು ಧಣಿ ತನ್ನ ಊರಿನ ಬಡವರಿಗೆ ಮಾಡುವುದು ಈ ಚಿತ್ರದ ಚುರುಕು. ಹೆಣಗಳು ಮಣ್ಣು ಸರಿಸಿ ಏಳುವ ಕನಸಿನ ದೃಶ್ಯಕ್ಕೆ ಈಗಲೂ ಮೈ ಜುಮ್ಮೆನ್ನುತ್ತದೆ. ಅಂಕ 4.

ಇದಾಗಿ ಎರಡೇ ವರ್ಷಕ್ಕೆ, 1968ರಲ್ಲಿ, ಜಾರ್ಜ್ ರೊಮೆರೊ ‘ನೈಟ್ ಆಫ್ ದಿ ಲಿವಿಂಗ್ ಡೆಡ್’ ತೆಗೆದ. ಆ ಚಿತ್ರದಲ್ಲಿ ಝೋಂಬಿ ಎಂಬ ಶಬ್ದವೇ ಇಲ್ಲ. ಆದರೆ ಅಂದಿನಿಂದ ಹೆಣ ದುಡಿಯೋದು ಬಿಟ್ಟು ತಿನ್ನತೊಡಗಿತು. ಕೂಲಿಯ ಮಾತು ಹಿಂದೆ ಸರಿಯಿತು.

ವೇಷ ಕಟ್ಟಿದವರು

ನಂತರ ಬಂದವರಲ್ಲಿ ಬಹಳಷ್ಟು ಮಂದಿ ಇತಿಹಾಸವನ್ನು ಬಾಡಿಗೆ ಬಟ್ಟೆಯಂತೆ ತಂದು ಹಾಕಿದರು. ಹಿಟ್ಲರನ ಸೈನಿಕರ ಹೆಣಗಳು ಎಲ್ಲರಿಗೂ ಅನುಕೂಲವಾದವು. 1977ರ ‘ಶಾಕ್ ವೇವ್ಸ್’ನಲ್ಲಿ ಅವರು ಕನ್ನಡಕ ತೊಟ್ಟು ನೀರೊಳಗಿಂದ ಸದ್ದಿಲ್ಲದೆ ಏಳ್ತಾರೆ. ನೋಡಲು ಚೆಂದ, ಕಥೆ ಮುಂದೆ ಸಾಗೋದಿಲ್ಲ. ಅಂಕ 2.5. 1981ರ ಫ್ರೆಂಚ್ ಚಿತ್ರ ‘ಝೋಂಬಿ ಲೇಕ್’ ಬಗ್ಗೆ ಹೆಚ್ಚು ಬರೆದರೆ ಶಾಯಿ ದಂಡ. ಹೆಣದ ಹಸಿರು ಬಣ್ಣ ನೀರಿಗೆ ತೊಳೆದು ಹೋಗ್ತದೆ. ಮನೆಮಂದಿ ಕೂತು ನೋಡುವಂಥದ್ದು ಮೊದಲೇ ಅಲ್ಲ. ಅಂಕ ಅರ್ಧ.

2011ರ ಕೆನಡಾ ಚಿತ್ರ ‘ಎಕ್ಸಿಟ್ ಹ್ಯುಮ್ಯಾನಿಟಿ’ ಅಮೆರಿಕದ ಅಂತರ್ಯುದ್ಧ ಕಾಲದ್ದು. ಮಗನ ಬೂದಿ ಹೊತ್ತು ಹೊರಟ ತಂದೆಯ ದುಃಖ ನಿಜವಾಗಿ ತಟ್ಟುತ್ತದೆ, ನಡುನಡುವೆ ಚಿತ್ರ ಬಿಡಿಸಿದ ದೃಶ್ಯಗಳೂ ಚಲೋ. ಆದರೆ ಗುಲಾಮಗಿರಿಗಾಗಿ ನಡೆದ ಯುದ್ಧದಲ್ಲಿ, ಗುಲಾಮರಿಂದಲೇ ಹುಟ್ಟಿದ ಝೋಂಬಿಯನ್ನು ತಂದು ನಿಲ್ಲಿಸಿ, ಗುಲಾಮಗಿರಿಯನ್ನು ಕಥೆಯ ನಡುವಿಗೆ ತರದಿದ್ದರೆ ಹೇಗೆ? ಅಂಕ 2.5.

ಸ್ಪೇನಿನ ಅಮಾಂದೊ ದೆ ಒಸ್ಸೋರಿಯೊ ನಿರ್ದೇಶಿಸಿದ, 1972ರ ‘ಟೂಂಬ್ಸ್ ಆಫ್ ದಿ ಬ್ಲೈಂಡ್ ಡೆಡ್’ ನಮ್ಮನ್ನು ಇಕ್ಕಟ್ಟಿಗೆ ಸಿಲುಕಿಸಿತು. ಮಧ್ಯಯುಗದ ಟೆಂಪ್ಲರ್ ಎಂಬ ಕ್ರೈಸ್ತ ಯೋಧರ ಅಸ್ಥಿಪಂಜರಗಳು ಕುದುರೆ ಏರಿ ನಿಧಾನವಾಗಿ ಬರುತ್ತವೆ. ಕಣ್ಣಿಲ್ಲ, ಸದ್ದು ಹಿಡಿದು ಬೇಟೆ ಆಡ್ತಾವೆ. ಉಸಿರು ಬಿಗಿಹಿಡಿಯದೆ ವಿಧಿಯಿಲ್ಲ! ಆದರೆ ಇತಿಹಾಸ ತಲೆಕೆಳಗಾಗಿದೆ. ಟೆಂಪ್ಲರರಿಗೆ ಸಾಲ ಕೊಡಬೇಕಿದ್ದ ಫ್ರಾನ್ಸಿನ ದೊರೆ ನಾಲ್ಕನೆಯ ಫಿಲಿಪ್ 1307ರಲ್ಲಿ ಅವರನ್ನು ಹಿಡಿದು, ಹಿಂಸೆ ಕೊಟ್ಟು, ಧರ್ಮದ್ರೋಹ ಮಾಡಿದ್ದೇವೆ ಅಂತ ಹೇಳಿಸಿದ. 1312ರಲ್ಲಿ ಪೋಪ್ ಆ ಸಂಘವನ್ನೇ ರದ್ದು ಮಾಡಿದರು. ಸಾಲಗಾರ ಹೊರಿಸಿದ ಆರೋಪವನ್ನೇ ಚಿತ್ರ ನಿಜ ಅಂತ ನಂಬಿ ಅವರನ್ನು ರಕ್ತ ಕುಡಿಯುವವರನ್ನಾಗಿ ಮಾಡಿದೆ. ಹೆದರಿಕೆಗೆ ಪೂರ್ತಿ ಅಂಕ, ಲೆಕ್ಕಕ್ಕೆ ಕಡಿತ. ಒಟ್ಟು 3.

ಕೊರಿಯಾದ ಜೋಸನ್ ರಾಜರ ಕಾಲದ ‘ಕಿಂಗ್‌ಡಮ್’ 2019ರಲ್ಲಿ ಬಂದು ನಮ್ಮ ಕಾಲೇಜು ಹುಡುಗರಿಗೂ ಪರಿಚಯವಾಯಿತು. ಅದರಲ್ಲಿ ಹಸಿದ ರೋಗಿಗಳು ತಿಳಿಯದೆ ಹೆಣದ ಮಾಂಸದ ಸಾರು ಕುಡಿದು ಝೋಂಬಿ ಆಗ್ತಾರೆ, ಅಂದರೆ ರೋಗದ ಮೂಲ ಬರಗಾಲ. ಅದಕ್ಕೂ ಮೊದಲು 2018ರಲ್ಲಿ ಬಂದ ‘ರಾಂಪೆಂಟ್’ ಸಿನಿಮಾ ಅಷ್ಟು ಹೆಸರು ಮಾಡಲಿಲ್ಲ. ಕತ್ತಿವರಸೆ ಭರ್ಜರಿ, ಅರಮನೆ ಪಿತೂರಿಯೂ ಇದೆ. ಆದರೆ ಬಡವನ ಹಸಿವು ಇಲ್ಲಿ ಕಾಣೋದಿಲ್ಲ. ಅಂಕ 3.

ನಮ್ಮ ಬೇತಾಳ ಮಾತಾಡ್ತಾನೆ

ನಮ್ಮ ದೇಶದ ಇತಿಹಾಸದ ಝೋಂಬಿ ಅಂದರೆ 2020ರಲ್ಲಿ ನೆಟ್‌ಫ್ಲಿಕ್ಸ್‌ನಲ್ಲಿ ಬಂದ ‘ಬೇತಾಲ್’. ಸಿನಿಮಾ ಅಲ್ಲ, ನಾಲ್ಕು ಕಂತಿನ ಧಾರಾವಾಹಿ. ಪ್ಯಾಟ್ರಿಕ್ ಗ್ರಹಾಂ ಜೊತೆ ನಿರ್ದೇಶಿಸಿದವರು ಮರಾಠಿಯ ‘ಪುಣೆ-52’, ‘ಗೋದಾವರಿ’ ಚಿತ್ರಗಳ ನಿಖಿಲ್ ಮಹಾಜನ್. ಆದಿವಾಸಿಗಳ ಹಳ್ಳಿಯ ಹತ್ತಿರ ರಸ್ತೆಗಾಗಿ ಹಳೆಯ ಸುರಂಗ ತೆರೆದಾಗ, ಈಸ್ಟ್ ಇಂಡಿಯಾ ಕಂಪನಿಯ ಕೆಂಪು ಅಂಗಿಯ ಸೈನಿಕರ ಹೆಣಗಳು ಬಂದೂಕು ಹಿಡಿದು ಹೊರಬರುತ್ತವೆ. ಕಲ್ಪನೆ ಎಷ್ಟು ಚಲೋ ನೋಡ್ರಿ! ಭೂಮಿ ಕಸಿಯಲು ಹಳೆಯ ಕಂಪನಿಯೂ ಹೊಸ ಗುತ್ತಿಗೆದಾರನೂ ಒಂದೇ ಸುರಂಗಕ್ಕೆ ಬರ್ತಾರೆ. ಆದರೆ ಎರಡನೆಯ ಕಂತಿನಿಂದ ಬರೀ ಕತ್ತಲೆ, ಗುಂಡು, ಓಡಾಟ. ಆದಿವಾಸಿಗಳು ಬದಿಗೆ ಸರೀತಾರೆ.

ಹೆಸರು ಬೇರೆ ಬೇತಾಳ. ಹನ್ನೊಂದನೆಯ ಶತಮಾನದಲ್ಲಿ ಸೋಮದೇವ ಬರೆದ ಕಥಾಸರಿತ್ಸಾಗರದ ಕಾಲದಿಂದ ನಮ್ಮ ಬೇತಾಳ ಹೆಣದೊಳಗೆ ಕೂತು ದೊರೆಗೇ ಪ್ರಶ್ನೆ ಕೇಳಿದವ. ಹೆಣ ಹೊತ್ತವನು ರಾಜ, ಮಾತಾಡುವುದು ಹೆಣ. ಅಂಥವನನ್ನು ಮೂಕ ಮಾಡಿ ಗುಂಡು ಹಾರಿಸಲು ಹಚ್ಚಿದ್ದು ನಷ್ಟದ ವ್ಯವಹಾರ. ಅಂಕ 2.

ಕೊನೆಗೆ 2019ರ ಫ್ರೆಂಚ್ ಚಿತ್ರ ‘ಝೋಂಬಿ ಚೈಲ್ಡ್’. ನಿರ್ದೇಶಕ ಬರ್ತ್ರಾಂ ಬೊನೆಲ್ಲೋ. ಕ್ಲೇರ್ವಿಯಸ್ ನಾರ್ಸಿಸ್ ಎಂಬ ಹೈಟಿಯ ವ್ಯಕ್ತಿ 1962ರಲ್ಲಿ ಆಸ್ಪತ್ರೆಯಲ್ಲಿ ಸತ್ತನೆಂದು ದಾಖಲಾಯಿತು. ತಾನೇ ಅವನು, ತನ್ನನ್ನು ಝೋಂಬಿ ಮಾಡಿ ತೋಟದಲ್ಲಿ ದುಡಿಸಿದರು ಎನ್ನುತ್ತಾ 1980ರಲ್ಲಿ ಒಬ್ಬ ಊರಿಗೆ ಬಂದ. ಮೀನಿನ ವಿಷದ ಮದ್ದು ಕಾರಣ ಅಂತ ವೇಡ್ ಡೇವಿಸ್ ಎಂಬ ಸಂಶೋಧಕ ವಾದಿಸಿದ. ಬಹಳ ವಿಜ್ಞಾನಿಗಳು ಒಪ್ಪಲಿಲ್ಲ. ಚಿತ್ರದಲ್ಲಿ ನಾರ್ಸಿಸ್ ರಾತ್ರಿಯ ಮಬ್ಬಿನಲ್ಲಿ ಕಬ್ಬು ಕಡೀತಾನೆ. ಇನ್ನೊಂದು ಕಡೆ, 2010ರ ಭೂಕಂಪದಲ್ಲಿ ತಂದೆ ತಾಯಿ ಕಳೆದುಕೊಂಡ ಅವನ ಮೊಮ್ಮಗಳು ಪ್ಯಾರಿಸ್ ಹತ್ತಿರದ ಹೆಣ್ಣುಮಕ್ಕಳ ವಸತಿಶಾಲೆಯಲ್ಲಿ ಓದ್ತಾಳೆ. ಆ ಶಾಲೆ ಕಟ್ಟಿದ ನೆಪೋಲಿಯನ್, ಫ್ರೆಂಚ್ ವಸಾಹತುಗಳಲ್ಲಿ 1802ರಲ್ಲಿ ಗುಲಾಮಗಿರಿಗೆ ಮತ್ತೆ ಕಾನೂನಿನ ಮುದ್ರೆ ಒತ್ತಿದವನೂ ಹೌದು.

ಚಿತ್ರದಾಚೆಯ ಒಂದು ಲೆಕ್ಕವನ್ನೂ ಹೇಳಿಬಿಡ್ತೇನೆ. ಗುಲಾಮರು ಕೈ ತಪ್ಪಿದ್ದಕ್ಕೆ ಹಳೆಯ ಧಣಿಗಳಿಗೆ ಪರಿಹಾರ ಕೊಡಿ ಅಂತ ಫ್ರಾನ್ಸ್ 1825ರಲ್ಲಿ ಯುದ್ಧನೌಕೆ ಕಳಿಸಿ ಹೈಟಿಯ ಮೇಲೆ 15 ಕೋಟಿ ಫ್ರಾಂಕ್ ಹೊರಿಸಿತು. ಮುಂದೆ ಅದು 9 ಕೋಟಿಗೆ ಇಳಿಯಿತು. ಅದಕ್ಕಾಗಿ ಮಾಡಿದ ಸಾಲ ತೀರಿದ್ದು 1947ರಲ್ಲಿ. ಮಾವ ಕೇಳಿದ ಉಚಲ್ ಇದೇ ಇರಬೇಕು. ಚಿತ್ರಕ್ಕೆ ಅಂಕ 4.5. ಹುಡುಗಿಯರ ಹರಟೆ ಸ್ವಲ್ಪ ಉದ್ದವಾದದ್ದಕ್ಕೆ ಅರ್ಧ ಕಡಿತ.

ಮಕ್ಕಳ ಜೊತೆ ನೋಡುವವರು ‘ವೈಟ್ ಝೋಂಬಿ’ಯಿಂದ ಶುರು ಮಾಡಬಹುದು, ರಕ್ತ ಇಲ್ಲವೇ ಇಲ್ಲ ಅನ್ನಬಹುದು. ‘ಪ್ಲೇಗ್’ ದೊಡ್ಡ ಮಕ್ಕಳಿಗೆ. ಒಂದೇ ಚಿತ್ರಕ್ಕೆ ಪುರಸೊತ್ತು ಇರುವವರು ‘ಐ ವಾಕ್ಡ್ ವಿತ್ ಎ ಝೋಂಬಿ’ ಹಚ್ಚಿರಿ. 69 ನಿಮಿಷ, ರಾತ್ರಿ ಊಟ ಮುಗಿಸಿ ಕೂತರೆ ಹಾಸಿಗೆ ಹಾಸುವ ಹೊತ್ತಿಗೆ ಮುಗಿಯುತ್ತದೆ.