ಹಳೇ ಹುಬ್ಬಳ್ಳಿಯಲ್ಲಿ ಮಲೇರಿಯಾ ತಡೆ: ಧಾರ್ಮಿಕ ಸಂಸ್ಥೆಗಳ ಸಹಭಾಗಿತ್ವ

ಮಲೇರಿಯಾ ರೋಗವು ಪ್ಲಾಸ್ಮೋಡಿಯಂ ಎಂಬ ಪರಾವಲಂಬಿಯಿಂದ ಉಂಟಾಗಿ, ಸೋಂಕಿತ ಹೆಣ್ಣು ಅನಾಫಿಲಿಸ್ ಸೊಳ್ಳೆಯ ಕಡಿತದಿಂದ ಹರಡುತ್ತದೆ. ಈ ಸೊಳ್ಳೆ ಚರಂಡಿಯಲ್ಲಿ ಹುಟ್ಟುತ್ತದೆಂಬುದು ಸಾಮಾನ್ಯ ನಂಬಿಕೆ. ವಾಸ್ತವವಾಗಿ ನಗರಗಳಲ್ಲಿ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫೆನ್ಸಿ ಸೊಳ್ಳೆಯು ಮೊಟ್ಟೆಯಿಡುವುದು ಬಳಕೆಗೆಂದು ಸಂಗ್ರಹಿಸಿದ ಶುದ್ಧ ನೀರಿನಲ್ಲಿ.

ಹಳೇ ಹುಬ್ಬಳ್ಳಿಯ ಮಟ್ಟಿಗೆ ಇದು ಮುಖ್ಯವಾದ ಅಂಶ. 2008ರಲ್ಲಿ ಅವಳಿ ನಗರದ ಆಯ್ದ ವಾರ್ಡುಗಳಿಗೆ ನಿರಂತರ ನೀರು ಪೂರೈಕೆ ಆರಂಭವಾಯಿತಾದರೂ, ಹಲವು ದಿನಗಳಿಗೊಮ್ಮೆ ನಲ್ಲಿ ನೀರು ಬರುವುದು ಈ ನಗರಕ್ಕೆ ಬಹುಕಾಲದಿಂದ ರೂಢಿಯಾಗಿದೆ. ಆದಕಾರಣ ಹಂಡೆ, ಬ್ಯಾರೆಲ್, ಸಿಮೆಂಟ್ ತೊಟ್ಟಿ ಹಾಗೂ ನೆಲದ ಸಂಪುಗಳಲ್ಲಿ ನೀರು ತುಂಬಿಡುವುದು ಅನಿವಾರ್ಯ. ಇದನ್ನು ನಾಗರಿಕರ ಅಲಕ್ಷ್ಯವೆನ್ನುವುದು ನ್ಯಾಯವಲ್ಲ. ಆದರೆ ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಸಾಕು. ಮುಚ್ಚಳವಿಲ್ಲದ ತೊಟ್ಟಿಯಲ್ಲಿ ನೀರು ಅಷ್ಟು ದಿನ ನಿಂತರೆ ಸೊಳ್ಳೆಗೆ ಬೇರೇನೂ ಬೇಕಾಗಿಲ್ಲ.

ವಾರಕ್ಕೊಮ್ಮೆ ನೀರಿನ ಪಾತ್ರೆಗಳನ್ನು ಬರಿದು ಮಾಡಿ, ಒಳಗೋಡೆಯನ್ನು ಉಜ್ಜಿ, ಒಣಗಿಸಿ, ಮತ್ತೆ ತುಂಬಿ ಬಿಗಿಯಾಗಿ ಮುಚ್ಚುವುದೇ ಇದಕ್ಕೆ ಪರಿಹಾರ. ಡೆಂಗಿ ಹರಡುವ ಈಡಿಸ್ ಸೊಳ್ಳೆಯ ಮೊಟ್ಟೆಗಳು ಪಾತ್ರೆಯ ಗೋಡೆಗೆ ಅಂಟಿಕೊಂಡಿರುವುದರಿಂದ ಉಜ್ಜುವುದನ್ನು ಬಿಡಬಾರದು. ಆರೋಗ್ಯ ಕಾರ್ಯಕರ್ತರು ಪ್ರತಿ ವಾರ ಪ್ರತಿ ಮನೆಗೆ ಬರುವುದು ಸಾಧ್ಯವಿಲ್ಲ. ಜನರು ವಾರಕ್ಕೊಮ್ಮೆ ತಾವಾಗಿಯೇ ಸೇರುವ ಸ್ಥಳಗಳೆಂದರೆ ಸೋಮವಾರದ ದೇವಸ್ಥಾನ, ಶುಕ್ರವಾರದ ಮಸೀದಿ, ಭಾನುವಾರದ ಚರ್ಚ್. ಅಲ್ಲಿ ಹೇಳುವ ಒಂದು ಮಾತು ಕರಪತ್ರಕ್ಕಿಂತ ಬೇಗ ಮನೆ ಸೇರುತ್ತದೆ. 1929ರಲ್ಲಿ ಸಮಾಧಿಸ್ಥರಾದ ಸಿದ್ಧಾರೂಢ ಸ್ವಾಮಿಗಳ ಮಠಕ್ಕಂತೂ ಜಾತಿ ಮತ ಭೇದವಿಲ್ಲದೆ ದೂರದೂರಿನ ಭಕ್ತರು ಬರುತ್ತಾರೆ.

ಈ ಕ್ರಮ ಹೊಸದೇನಲ್ಲ. ಆಫ್ರಿಕಾದ ಮೊಜಾಂಬಿಕ್ ದೇಶದಲ್ಲಿ 2006ರಲ್ಲಿ ಕ್ರೈಸ್ತ, ಮುಸ್ಲಿಂ ಹಾಗೂ ಇತರ ಮತಗಳ ಮುಖಂಡರು ಒಂದುಗೂಡಿ, ಮಲೇರಿಯಾ ತಡೆಯ ಸಂದೇಶವನ್ನು ಹಳ್ಳಿಗಳಿಗೆ ತಲುಪಿಸುವ ಕಾರ್ಯ ಕೈಗೊಂಡರು. ರಾತ್ರಿ ಮನೆಯೊಳಗೆ ಕಡಿಯುವ ಸೊಳ್ಳೆಯೇ ಅಲ್ಲಿ ಪ್ರಧಾನವಾದ್ದರಿಂದ ಸೊಳ್ಳೆ ಪರದೆಗೆ ಒತ್ತು ನೀಡಲಾಯಿತು. ಇಲ್ಲಿ ಪರದೆಯೊಡನೆ ತೊಟ್ಟಿಯ ಮುಚ್ಚಳವೂ ಅಷ್ಟೇ ಅಗತ್ಯ. ನಮ್ಮ ನಗರಗಳ ಸ್ಟೀಫೆನ್ಸಿ ಸೊಳ್ಳೆ 2012ರಲ್ಲಿ ಆಫ್ರಿಕಾದ ಜಿಬೂಟಿಯಲ್ಲಿಯೂ ಪತ್ತೆಯಾಗಿದೆ ಎಂಬುದು ಗಮನಾರ್ಹ.

ಧಾರ್ಮಿಕ ಸಂಸ್ಥೆಗಳು ಮೊದಲು ತಮ್ಮ ಆವರಣದ ನೀರನ್ನು ಗಮನಿಸತಕ್ಕದ್ದು. ಯಾತ್ರಿನಿವಾಸದ ಮೇಲ್ತೊಟ್ಟಿ, ವುಜೂ ನೀರಿನ ತೊಟ್ಟಿ ಮತ್ತು ಬಳಸದ ಬಾವಿಗಳು ಸೊಳ್ಳೆಗಳ ತಾಣಗಳಾಗಬಲ್ಲವು. ಬರಿದು ಮಾಡಲಾಗದ ಹೊಂಡ, ಬಾವಿಗಳಿಗೆ ಲಾರ್ವಾ ತಿನ್ನುವ ಗಪ್ಪಿ ಅಥವಾ ಗ್ಯಾಂಬೂಸಿಯಾ ಮೀನುಗಳನ್ನು ಬಿಡಬಹುದಾಗಿದ್ದು, ಇದಕ್ಕಾಗಿ ಹೊಂಡದ ಸ್ಥಳ ಮತ್ತು ಅಳತೆ ನಮೂದಿಸಿ ಜಿಲ್ಲಾ ರೋಗವಾಹಕ ಆಶ್ರಿತ ರೋಗಗಳ ನಿಯಂತ್ರಣಾಧಿಕಾರಿಗಳ ಕಚೇರಿಗೆ ಕೋರಿಕೆ ಸಲ್ಲಿಸಬಹುದು. ಈ ಮೀನುಗಳನ್ನು ನದಿ, ಹಳ್ಳಗಳಿಗೆ ಬಿಡತಕ್ಕದ್ದಲ್ಲ.

ಯಾವುದೇ ಜ್ವರವಿದ್ದಲ್ಲಿ ಸರ್ಕಾರಿ ಆಸ್ಪತ್ರೆ ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ರಕ್ತಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು. ಮಲೇರಿಯಾ ಪರೀಕ್ಷೆ, ಚಿಕಿತ್ಸೆ ಎರಡೂ ಉಚಿತ. ವೈವಾಕ್ಸ್ ಮಲೇರಿಯಾಕ್ಕೆ 3 ದಿನ ಕ್ಲೋರೋಕ್ವಿನ್, 14 ದಿನ ಪ್ರಿಮಾಕ್ವಿನ್ ನೀಡಲಾಗುತ್ತದೆ. ಜ್ವರ ಇಳಿಯಿತೆಂದು ನಡುವೆ ನಿಲ್ಲಿಸಿದರೆ ಯಕೃತ್ತಿನಲ್ಲಿ ಅಡಗಿರುವ ರೋಗಾಣುವಿನಿಂದ ತಿಂಗಳುಗಳ ನಂತರ ಜ್ವರ ಮರುಕಳಿಸಬಹುದು. ಗರ್ಭಿಣಿಯರಿಗೆ ಪ್ರಿಮಾಕ್ವಿನ್ ಕೊಡುವಂತಿಲ್ಲ. ಈ ಮಾತ್ರೆಗಳನ್ನು ಖಾಲಿ ಹೊಟ್ಟೆಯಲ್ಲಿ ಸೇವಿಸಬಾರದಾದ್ದರಿಂದ, ರಂಜಾನ್ ಅಥವಾ ಶ್ರಾವಣದ ಉಪವಾಸದಲ್ಲಿರುವವರು ಅದನ್ನು ವೈದ್ಯರಿಗೆ ಮೊದಲೇ ತಿಳಿಸತಕ್ಕದ್ದು.